ಹೊರಬೀಡಿನ ದಿನ ಮುಚ್ಚಿಕೊಂಡ ಬಾಗಿಲು

"ಒಂದು ಖಾಲಿ ಊರು ಬೇಕು ಕಣ್ರೀ" ಎಂದು ನಿರ್ದೇಶಕರು ಹೇಳಿದಾಗ ನಾನು ಗದಗಿನ ಲಾಡ್ಜಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಖಾಲಿ ಮನೆ ಎಂದಿದ್ದರೆ ಹುಡುಕಿಕೊಡಬಹುದಿತ್ತು. ಖಾಲಿ ಚಾವಡಿ ಎಂದಿದ್ದರೂ ನೋಡೋಣ ಎನ್ನಬಹುದಿತ್ತು. ಅವರು ಕೇಳಿದ್ದು ಇಡೀ ಊರು. ಓಣಿಯಲ್ಲಿ ಒಂದು ನಾಯಿ ಇರಬಾರದು, ಕೋಳಿ ಕೆದರಬಾರದು, ಯಾವ ಒಲೆಯಿಂದಲೂ ಹೊಗೆ ಏಳಬಾರದು.

"ಬೆಂಗಳೂರಾಗ ಕುಂತು ಬರದ್ರಿ, ಇಲ್ಲಿ ಬಂದು ನನ್ನ ಕೊರಳಿಗೆ ಕಟ್ಟಿದ್ರಿ" ಎಂದೆ. ಅವರು ನಗಲಿಲ್ಲ. ನಗುವ ಜಾತಿಯ ಮನುಷ್ಯ ಅವರಲ್ಲ.

ಟಿ.ವಿ.ಯಲ್ಲಿ ಹದಿಮೂರು ಕಂತಿನ ಧಾರಾವಾಹಿಗಳು ಬರುತ್ತಿದ್ದ ಕಾಲ ಅದು. ಬೆಟಗೇರಿಯವನಾದ ನನಗೆ ಆ ತಂಡದಲ್ಲಿ ಚಿತ್ರೀಕರಣಕ್ಕೆ ಜಾಗ ಹುಡುಕುವ, ಊರವರನ್ನು ಒಪ್ಪಿಸುವ, ಕೊನೆಗೆ ಎಲ್ಲರಿಂದ ಬೈಸಿಕೊಳ್ಳುವ ಕೆಲಸ. ಕಥೆ ನಡೆಯುವುದು ಮುಂಡರಗಿಯ ಆಚೆ, ಆಗ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದ ಒಂದು ಹಳ್ಳಿಯಲ್ಲಿ. ಗಡಿಯ ಈ ಕಡೆ ಸ್ವಾತಂತ್ರ್ಯ ಬಂದು ಧ್ವಜ ಏರಿದೆ, ಆ ಕಡೆ ಇನ್ನೂ ಏರಿಲ್ಲ. ಕುದುರೆ ಏರಿದ ದಾಳಿಕೋರರು ಬರುತ್ತಿದ್ದಾರೆಂಬ ಸುದ್ದಿ ಹಬ್ಬಿ ಊರಿಗೆ ಊರೇ ಗಡಿ ದಾಟಿ ಓಡಿಬರುತ್ತದೆ. ಮರುದಿನ ದಾಳಿಕೋರರು ನುಗ್ಗಿದಾಗ ಅಲ್ಲಿ ಒಬ್ಬರೂ ಇಲ್ಲ. ಆ ದೃಶ್ಯಕ್ಕೇ ಖಾಲಿ ಊರು ಬೇಕಾಗಿದ್ದು. ಕೊನೆಯ ಕಂತಿನ ಹೊತ್ತಿಗೆ ರಾಜ್ಯ ಒಂದಾಗಿರುತ್ತದೆ, ಗಡಿಯ ಕಲ್ಲು ಹೊಲದ ಬದುವಿನ ಕಲ್ಲಾಗಿರುತ್ತದೆ.

ಕಥೆ ನಡೆದ ಸೀಮೆಗೇ ಹೋಗಿ ನೋಡಿಬಂದಿದ್ದೆವು. ಸಿಮೆಂಟಿನ ಮನೆಗಳು, ನೀರಿನ ಟಾಕಿ, ಬಸ್ ನಿಲ್ದಾಣದ ತಗಡಿನ ಚಪ್ಪರ. ಕ್ಯಾಮೆರಾ ಎತ್ತ ತಿರುಗಿಸಿದರೂ ಈಗಿನ ಕಾಲವೇ. ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಹಿರಿಯರೊಬ್ಬರು ಕೈಮುಗಿದು, "ಅದನ್ನ ಮತ್ತ ಇಲ್ಲೇ ಯಾಕ ಮಾಡ್ತೀರಿ? ಬ್ಯಾರೆ ಕಡೆ ಮಾಡ್ರಿ, ನಿಮಗ ಪುಣ್ಯ ಬರ್ತೈತಿ" ಎಂದಿದ್ದರು. ಹೀಗಾಗಿ ಓಡಿಹೋದವರ ಊರನ್ನು, ಅವರು ಓಡಿಬಂದು ಸೇರಿದ ಸೀಮೆಯಲ್ಲೇ ಹುಡುಕುವ ಪಾಡು ನನ್ನದಾಯಿತು. ಮಲ್ಲಸಮುದ್ರ ಗದಗಿಗೆ ತೀರ ಹತ್ತಿರ, ಮೋಟಾರುಗಳ ಸದ್ದು ನಿಲ್ಲುವುದಿಲ್ಲ. ಅಂತೂರ ಬೆಂತೂರ ನೋಡಿದೆ, ಸೊರಟೂರ ನೋಡಿದೆ. ಎಲ್ಲ ಕಡೆ ತುಂಬಿದ ಊರುಗಳೇ. ಒಂದು ದಿನದ ಮಟ್ಟಿಗೆ ಊರು ಬಿಟ್ಟು ಹೋಗ್ರಿ ಎಂದು ಯಾರಿಗೆ ಹೇಳುವುದು?

ಶಿರಹಟ್ಟಿಯಿಂದ ಮುಂಡರಗಿಯ ಕಡೆ ಬರುವಾಗ, ಕಪ್ಪತಗುಡ್ಡ ಬೆನ್ನಿಗೆ ಇರುವ ಒಂದು ಹಳ್ಳಿಯಲ್ಲಿ ಅದು ತಾನಾಗಿ ಸಿಕ್ಕಿತು. ಹೆಸರು ಬೇಡ. ಮಣ್ಣಿನ ಮಾಳಿಗೆಯ ಮನೆಗಳು, ಊರ ಮುಂದೆ ಕಲ್ಲಿನ ಅಗಸಿ ಬಾಗಿಲು, ಅಗಸಿಯಿಂದ ಚಾವಡಿಯ ತನಕ ನೆಟ್ಟಗೆ ಒಂದು ಓಣಿ. ಅಲ್ಲಿ ಯಾರೋ, "ಬರೂ ಮಂಗಳವಾರ ಯಾರೂ ಸಿಗಾಂಗಿಲ್ರಿ, ಹೊರಬೀಡು ಐತಿ" ಎಂದರು.

ಹೊರಬೀಡು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿಗೆ ಬೇನೆ ಬೇಸರಿಕೆ ಬರದಿರಲೆಂದು ವರ್ಷಕ್ಕೊಂದು ದಿನ ಊರವರೆಲ್ಲ ಹೊರಗೆ ಹೋಗುತ್ತಾರೆ. ನಸುಕಿನಲ್ಲೇ ಒಲೆಗಳನ್ನು ಆರಿಸಿ, ಮಕ್ಕಳು ಮರಿ, ದನ, ಕುರಿ, ಕೋಳಿ, ನಾಯಿ ಸಮೇತ ಹೊಲಗಳಲ್ಲಿ ಬೀಡು ಬಿಡುತ್ತಾರೆ. ಅಡಿಗೆ, ಊಟ ಎಲ್ಲ ಅಲ್ಲೇ. ಅಗಸಿಗೆ ಮುಳ್ಳುಕಂಟಿ ಬಡಿಯುತ್ತಾರೆ. ಅಂದು ಊರೊಳಗೆ ದ್ಯಾಮವ್ವ ಒಬ್ಬಳೇ ತಿರುಗಾಡುತ್ತಾಳೆ ಎಂದು ನಂಬಿಕೆ. ಸಂಜೆ ಗುಡಿಯಲ್ಲಿ ಹೊಸ ಬೆಂಕಿ ಮಾಡಿ ಮನೆಮನೆಗೆ ಒಯ್ಯುವ ತನಕ ಊರಲ್ಲಿ ಯಾರೂ ಕಡ್ಡಿ ಗೀರುವಂತಿಲ್ಲ. ನನಗಂತೂ ದ್ಯಾಮವ್ವನೇ ನನ್ನ ಕೆಲಸ ಮಾಡಿಕೊಟ್ಟಂತಾಯಿತು.

ಊರ ಹಿರಿಯರು ಕಟ್ಟೆಯ ಮೇಲೆ ಕೂತು ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಗುಡಿಗೆ ಹೋಗಿ ಹೂ ಕೇಳಿದರು. ಬಲಗಡೆಯ ಹೂವೇ ಬಿತ್ತು.

"ಅವ್ವ ಒಪ್ಯಾಳ. ಆದ್ರ ಕಟ್ಟಳಿ ಅದಾವ" ಎಂದರು ಹಿರಿಯರು. "ಕಾಲಾಗ ಕೆರ ಇರಬಾರದು. ಒಂದ ಒಂದು ಕಡ್ಡಿ ಗೀರಬಾರದು. ಹೊತ್ತು ಮುಳುಗೂದ್ರಾಗ ಹೊರಗ ಬರಬೇಕು. ಬೆಂಕಿದು ನೀವು ಮಾತು ಕೊಡಬೇಕು."

ಅವರ ಕೈ ಮುಟ್ಟಿ ಮಾತು ಕೊಟ್ಟೆ.

ಅದೇ ದಿನ ಓಣಿಯ ಮನೆಗಳನ್ನು ನೋಡುತ್ತ ಹೋದೆ. ನಡುವೆ ನೀಲಿ ಬಾಗಿಲಿನ ಮನೆ ಇತ್ತು. ಯಜಮಾನ ಪಡಸಾಲೆಯ ಮೂಲೆ ತೋರಿಸಿ, "ಕೆಳಗ ಹಗೇವು ಐತ್ರಿ, ನೋಡಿ ಕಾಲಿಡ್ರಿ" ಎಂದ. ಹಗೇವು ಎಂದರೆ ನೆಲದಲ್ಲಿ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗಡಿಗೆಯ ಹಾಗೆ ಅಗಲ, ಎರಡಾಳು ಆಳ. ಈಗ ತುಂಬುವುದಿಲ್ಲ, ತಳದಲ್ಲಿ ಹಳೆಯ ಹೊಟ್ಟು ಇದೆ ಅಷ್ಟೆ, ಬಾಯಿಗೆ ಹಲಗೆ ಮುಚ್ಚಿ ಚೀಲ ಹಾಸಿದ್ದೇವೆ ಎಂದ. ಕಂಬಕ್ಕೆ ಕಟ್ಟಿದ ಹಗ್ಗವೊಂದು ಪಕ್ಕದಲ್ಲೇ ಸುತ್ತಿ ಬಿದ್ದಿತ್ತು.

ಆ ಚೀಲದ ಪಕ್ಕದಲ್ಲಿ ಅವನ ಸಣ್ಣವ್ವ, ಎಂದರೆ ಚಿಕ್ಕಮ್ಮ, ಕೂತು ಕಾಳು ಹಸನು ಮಾಡುತ್ತಿದ್ದಳು. ಐವತ್ತೈದು ದಾಟಿದ, ಸಣಕಲು ಹೆಂಗಸು. ಹುಡುಗಿಯಾಗಿದ್ದಾಗ ಗಡಿ ದಾಟಿ ಬಂದವಳು, ಈ ಮನೆಗೇ ಸೊಸೆಯಾದಳು ಎಂದು ಅವನೇ ಹೇಳಿದ. ಅವಳು ನನ್ನನ್ನು ನೋಡಿ, "ಏನ್ ಮಾಡಾಕ ಬಂದೀರಿ ತಮ್ಮಾ?" ಎಂದು ಕೇಳಿದಳು.

"ಏನಿಲ್ಲವ್ವಾ, ನಾಟಕದ ಮಂದಿ" ಎಂದು ಹೇಳಿ ಮುಂದಿನ ಮನೆಗೆ ನಡೆದೆ.

ನಾನು ಮಾಡಿದ ತಪ್ಪು ಅದೇ. ಕುದುರೆಯ ವಿಷಯ, ದಾಳಿಯ ವಿಷಯ ಕಟ್ಟೆಯ ಮೇಲಿನ ಗಂಡಸರಿಗೆಲ್ಲ ಬಿಡಿಸಿ ಹೇಳಿದ್ದೆ. ಹೇಳಬೇಕಾದವಳು ಎದುರಿಗೆ ಕೂತು ತಾನಾಗಿ ಕೇಳಿದಾಗ ಅರ್ಧ ಮಾತಿನಲ್ಲಿ ಮುಗಿಸಿದೆ. ಅಂದು ಊರಲ್ಲಿ ಯಾರೂ ಇರುವುದೇ ಇಲ್ಲವಲ್ಲ ಎಂಬ ಧೈರ್ಯ.

ಮಂಗಳವಾರ ಬೆಳಿಗ್ಗೆ ಕೊನೆಯ ಬಂಡಿ ಹೊರಗೆ ಹೋದ ಮೇಲೆ ತಳವಾರ ಮುಳ್ಳುಕಂಟಿಯನ್ನು ಸರಿಸಿ ನಮ್ಮನ್ನು ಒಳಗೆ ಬಿಟ್ಟ. ಅಗಸಿಯಲ್ಲಿ ನಿಂತು ಒಬ್ಬೊಬ್ಬರ ಕಿಸೆ ತಡವಿ ಕಡ್ಡಿಪೆಟ್ಟಿಗೆ, ಬೀಡಿ, ಲೈಟರು ಎಲ್ಲ ನನ್ನ ಹೆಗಲ ಚೀಲಕ್ಕೆ ಹಾಕಿಕೊಂಡೆ. ಕ್ಯಾಮೆರಾದವರು ಸಿಗರೇಟು ಕೊಡುವಾಗ ಮಗುವಿನ ಕೈಯಿಂದ ಆಟಿಕೆ ಕಸಿದವನನ್ನು ನೋಡುವಂತೆ ನನ್ನನ್ನು ನೋಡಿದರು. ಚಪ್ಪಲಿಗಳೆಲ್ಲ ಹೊರಗೆ. ಕುದುರೆಗಳ ಲಾಳ ಬಿಚ್ಚಲು ಆಗುವುದಿಲ್ಲ, ಅದಕ್ಕೆ ಅವ್ವ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ನಾವೇ ತೀರ್ಮಾನಿಸಿಕೊಂಡೆವು.

ಖಾಲಿ ಊರನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಸದ್ದಿಲ್ಲದ ಊರು ಎಂದರೆ ಶಾಂತವಾಗಿರುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಬರಿಗಾಲಲ್ಲಿ ನಡೆಯುತ್ತಿದ್ದ ನಮ್ಮ ಹೆಜ್ಜೆ ನಮಗೇ ಕೇಳುತ್ತಿತ್ತು. ಎಲ್ಲರೂ ತಾವಾಗಿಯೇ ದನಿ ತಗ್ಗಿಸಿದರು. ತಣ್ಣಗಾದ ಒಲೆಗಳ ಬೂದಿಯ ವಾಸನೆ ಓಣಿಯ ತುಂಬ ಇತ್ತು.  

ಕೆಲಸಕ್ಕೆ ಇಳಿದೆವು. ಗೋಡೆಯ ಮೇಲಿನ ಸಾಬೂನಿನ ಜಾಹೀರಾತಿಗೆ ಸಗಣಿ ಸಾರಿಸಿದೆವು. ಕರೆಂಟಿನ ಕಂಬಗಳಿಗೆ ಬೇವಿನ ಟೊಂಗೆ ಕಟ್ಟಿದೆವು. ಓಣಿಯಲ್ಲಿ ಒಡೆದ ಗಡಿಗೆ, ಮಗುಚಿದ ತೊಟ್ಟಿಲು, ಒಂಟಿ ಕೆರ. ಧೂಳು ಏಳಿಸಲು, ರಾಶಿ ತೂರುವ ದೊಡ್ಡ ಫ್ಯಾನೊಂದನ್ನು ತಂದಿದ್ದೆ. ಕೈಯಿಂದ ತಿರುವುವಂಥದ್ದು, ಇಬ್ಬರು ಹಿಡಿ ತಿರುವಿದರೆ ಓಣಿಯೇ ಕಾಣದಂತಾಗುತ್ತಿತ್ತು. ಬಾಗಿಲುಗಳ ಲೆಕ್ಕ ನನ್ನದು. ಒಂದು ಸಲ ತೆಗೆದದ್ದನ್ನೇ ಮತ್ತೆ ಮತ್ತೆ ತೆಗೆಯುವಾಗ ಬಾಗಿಲು ಮೊದಲಿದ್ದಂತೆಯೇ ಇರಬೇಕು, ಇಲ್ಲದಿದ್ದರೆ ಜೋಡಿಸುವಾಗ ಎಡವಟ್ಟು. ಮೂರು ಬಾಗಿಲು ಅರ್ಧ ತೆರೆದಿಟ್ಟು ಪಟ್ಟಿಯಲ್ಲಿ ಬರೆದುಕೊಂಡೆ. ನೀಲಿ ಬಾಗಿಲು ಅದರಲ್ಲಿ ಒಂದು. ಕೈಯಿಂದ ನೂಕಿ ತೆರೆದವನು ನಾನೇ. ಒಳಗೆ ಕತ್ತಲಿತ್ತು, ಇಣುಕಲಿಲ್ಲ.

ಲಕ್ಷ್ಮೇಶ್ವರದಿಂದ ನಾಲ್ಕು ಜಟಕಾ ಕುದುರೆಗಳು ಬಂದಿದ್ದವು. ಅವುಗಳ ಹಿರಿಯ ಒಡೆಯನನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅರವತ್ತರ ಹತ್ತಿರದ, ಬೆತ್ತದಂಥ ಮನುಷ್ಯ. ಕುದುರೆ ಕೊಡಲು ಬಂದವನಿಗೆ ಖಾಕಿ ಅಂಗಿ, ನಡುಪಟ್ಟಿ ತೊಡಿಸಿ ದಾಳಿಕೋರನ ವೇಷ ಕಟ್ಟಿದ್ದರು. "ನನ್ನ ಹೆಣ್ತಿ ನೋಡಿದ್ರ ಮನಿಯೊಳಗ ಬಿಡಾಂಗಿಲ್ಲ" ಎಂದು ಅವನು ನಾಚಿಕೊಂಡಿದ್ದ.

ಮೊದಲ ಸಲ ಕುದುರೆಗಳು ಅಗಸಿಯಿಂದ ಚಾವಡಿಯ ತನಕ ಓಡಿದವು. ಕೂಗು, ಧೂಳು, ಬಾಗಿಲಿಗೆ ಕೋಲಿನ ಏಟು. ಚೆನ್ನಾಗಿಯೇ ಬಂತು, ಆದರೆ ಕೊನೆಯ ಕುದುರೆ ತೊಟ್ಟಿಲಿಗೆ ಬೆದರಿ ಅಡ್ಡ ತಿರುಗಿತ್ತು. ಕುದುರೆಗಳನ್ನು ಸುಧಾರಿಸಿ, ಹೆಜ್ಜೆ ಗುರುತು ಅಳಿಸಿ, ಎರಡನೆಯ ಸಲ ತಯಾರಾಗಲು ಅರ್ಧ ತಾಸಿಗೆ ಸ್ವಲ್ಪ ಕಡಿಮೆ ಹಿಡಿಯಿತು. ಕ್ಯಾಮೆರಾದ ಹಿಂದಿನಿಂದ ನಿರ್ದೇಶಕರ ದನಿ ಬಂತು.

"ರೀ, ಆ ನೀಲಿ ಬಾಗಿಲು ಯಾರ್ರೀ ಮುಚ್ಚಿದ್ದು? ಒಂದು ಬಾಗಿಲು ನೋಡ್ಕೊಳ್ಳೋಕೆ ಆಗಲ್ವೇನ್ರೀ ನಿಮ್ಗೆ?"

ಪಟ್ಟಿ ನೋಡಿದೆ. ಅರ್ಧ ತೆರೆದದ್ದು ಎಂದು ನನ್ನದೇ ಅಕ್ಷರ. ಬಾಗಿಲು ನೋಡಿದೆ. ಪೂರ್ತಿ ಮುಚ್ಚಿತ್ತು. ಗಾಳಿಗೆ ಮುಚ್ಚಿರಬೇಕು ಎಂದುಕೊಂಡು ಹೋಗಿ ನೂಕಿದೆ. ಅಲುಗಲಿಲ್ಲ. ಹೆಗಲು ಕೊಟ್ಟು ನೂಕಿದೆ. ಒಳಗೆ ಅಗಳಿ ಮರದಲ್ಲಿ ಕಟ್ಟೆಂದಿತು.

ಒಳಗಿನಿಂದ ಹಾಕಿದ ಅಗಳಿ. ಯಾರೂ ಇಲ್ಲದ ಊರಲ್ಲಿ.

 ದೇವರು ದಿಂಡರು ಎಂದರೆ ಹಗುರಾಗಿ ಮಾತಾಡುವವನು ನಾನು, ಆದರೆ ಆ ಗಳಿಗೆಯಲ್ಲಿ ನನಗೆ ಮೊದಲು ಹೊಳೆದದ್ದು ದ್ಯಾಮವ್ವನೇ. ಧೂಳಿನ ಫ್ಯಾನು ತಿರುವುತ್ತಿದ್ದ ಇಬ್ಬರೂ ಹಿಡಿ ಬಿಟ್ಟು ಕೈಮುಗಿದು ನಿಂತುಬಿಟ್ಟಿದ್ದರು. ಬೆಂಗಳೂರಿನ ಸಹಾಯಕನೊಬ್ಬ, "ಸರ್, ಹೊರಟುಬಿಡೋಣ ಸರ್" ಎಂದು ನಿರ್ದೇಶಕರ ತೋಳು ಹಿಡಿದ.

ಚಾಚಾ ಕುದುರೆಯಿಂದ ಇಳಿದು ಬಂದು ಬಾಗಿಲಿಗೆ ಕಿವಿ ಇಟ್ಟ. "ದೇವರು ಅಗಳಿ ಹಾಕ್ಕೊಳ್ಳಾಂಗಿಲ್ರಿ ಸಾಹೇಬ್ರ" ಎಂದ ಮೆಲ್ಲಗೆ. "ಒಳಗ ಮನುಷ್ಯಾರು ಅದಾರ. ಹೆದರ್ಯಾರ."

ಆಗ ನನ್ನ ಕಣ್ಣ ಮುಂದೆ ಕಾಳು ಹಸನು ಮಾಡುತ್ತಿದ್ದ ಎರಡು ಕೈಗಳು ಬಂದವು. ಗಡಿ ದಾಟಿ ಬಂದವಳು.  ಹಿತ್ತಲ ಗೋಡೆ ಹಾರಿ, ಅಗಳಿ ಹಾಕದ ಹಿಂದಿನ ಬಾಗಿಲಿನಿಂದ ಒಳಗೆ ಓಡಿದೆ. ಚಾಚಾ, ನಿರ್ದೇಶಕರು ನನ್ನ ಹಿಂದೆಯೇ ಬಂದರು. ಪಡಸಾಲೆಯಲ್ಲಿ ಅರಿವೆಯ ಮೇಲೆ ಅರ್ಧ ತಿಂದ ಕಟಕು ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ತಂಬಿಗೆ ನೀರು. ಮೂಲೆಯ ಚೀಲ ಸರಿದಿತ್ತು. ಹಗ್ಗ ಹಗೇವಿನೊಳಗೆ ಇಳಿದಿತ್ತು. ಇಳಿದವಳು ಒಳಗಿನಿಂದಲೇ ಹಲಗೆಯನ್ನು ಹಗ್ಗದಷ್ಟು ಸಂದು ಬಿಟ್ಟು ಮೇಲೆ ಎಳೆದುಕೊಂಡಿದ್ದಳು.

ಹಲಗೆ ಕಿತ್ತೆಸೆದೆ. "ಅವ್ವಾ! ಅವ್ವಾ, ನಾವು ನಾಟಕದ ಮಂದಿ! ಮ್ಯಾಲ ಬಾ ಅವ್ವಾ!" ಎಂದು ಒದರಿದೆ. ನನ್ನ ದನಿಯೇ ತಿರುಗಿ ಬಂತು. ಮುಂಬಾಗಿಲಿನ ಅಗಳಿ ತೆಗೆಸಿ, ನಟರ ಮುಖಕ್ಕೆ ಬೆಳಕು ಕೊಡುವ ಬೆಳ್ಳಿ ಕಾಗದದ ಹಲಗೆಯನ್ನು ಓಣಿಯ ಬಿಸಿಲಿಗೆ ಹಿಡಿಸಿದೆವು. ಪಡಸಾಲೆಯೊಳಗೆ ಇನ್ನೊಂದು ಹಲಗೆ ಹಿಡಿದು ಆ ಬೆಳಕನ್ನು ಕೆಳಕ್ಕೆ ತಿರುಗಿಸಿದೆವು. ತಳದ ಹೊಟ್ಟಿನ ಮೇಲೆ ಸೀರೆಯ ಅಂಚು ಕಂಡಿತು, ಅಂಗೈ ಮೇಲಾಗಿ ಬಿದ್ದ ಒಂದು ಕೈ ಕಂಡಿತು. ಕೈ ಅಲುಗುತ್ತಿರಲಿಲ್ಲ.

ನಾನು ಹಗ್ಗ ಹಿಡಿದು ಕಾಲು ಇಳಿಬಿಟ್ಟೆ. ಚಾಚಾ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಗೋಡೆಗೆ ಬಡಿದುಕೊಂಡೆ.

"ಇಳೀಬ್ಯಾಡ್ರಿ! ಮುಚ್ಚಿದ ಹಗೇವು ಮನುಷ್ಯಾನ್ನ ತಿಂತೈತಿ. ಹಿಂಗ ಇಳಿದವರು ಹತ್ತಿಲ್ಲ. ಮೊದಲ ಕಂದೀಲು ಬಿಡ್ರಿ. ಅದು ಉರಿದ್ರ ಇಳಿಯೂದು, ಆರಿದ್ರ ಇಳಿಯೂದಿಲ್ಲ."

ಕಂದೀಲು ಗೂಟಕ್ಕೆ ತೂಗುತ್ತಿತ್ತು. ಎಣ್ಣೆಯೂ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು. ಊರೊಳಗಿದ್ದ ಕಡ್ಡಿಪೆಟ್ಟಿಗೆಗಳೆಲ್ಲ ನನ್ನ ಹೆಗಲಿಗೇ ಇದ್ದವು.

ಅಲ್ಲಿ ಎಷ್ಟು ಹೊತ್ತು ನಿಂತೆ ಎಂದು ಈಗಲೂ ಹೇಳಲಾರೆ. ಹತ್ತು ಉಸಿರಿನಷ್ಟು ಇರಬಹುದು. ಕೈ ಮುಟ್ಟಿ ಕೊಟ್ಟ ಮಾತು. ನಾಳೆ ಈ ಊರಲ್ಲಿ ಒಂದು ಕೂಸಿಗೆ ಜ್ವರ ಬಂದರೂ, ಒಂದು ಎಮ್ಮೆ ಸತ್ತರೂ ಅದು ನಾನು ಗೀರಿದ ಕಡ್ಡಿಯಿಂದ ಎಂದೇ ಲೆಕ್ಕ. ಅವರ ಮಟ್ಟಿಗೆ ಅದು ಖರೆಯೇ. ಹೊಲಕ್ಕೆ ಓಡಿ ಹಿರಿಯರನ್ನು ಕೇಳಿ ಬರಲೇ ಎಂದು ಒಂದು ಮನಸ್ಸು. ಬೆಳಕಿನಲ್ಲಿ ಆ ಅಂಗೈ ಮಾತ್ರ ಏನನ್ನೋ ಬೇಡುವವರ ಕೈಯಂತೆ ತೆರೆದೇ ಇತ್ತು. ಚೀಲಕ್ಕೆ ಕೈ ಹಾಕಿದೆ. ಗೀರುವಾಗ ಮೊದಲನೆಯ ಕಡ್ಡಿ ಮುರಿಯಿತು, ಎರಡನೆಯದು ಹೊತ್ತಿತು.

ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟೆವು. ಒಂದಾಳು ಇಳಿಯುವ ತನಕ ಉರಿಯಿತು. ಆಮೇಲೆ ಬತ್ತಿ ಕೆಂಪಾಯಿತು, ಸಣ್ಣದಾಯಿತು, ತಳ ಮುಟ್ಟುವ ಮೊದಲೇ ಆರಿಹೋಯಿತು. ನಿರ್ದೇಶಕರು ಗೋಡೆಗೆ ಒರಗಿ ಕೂತುಬಿಟ್ಟರು.

"ಗಾಳಿ ಹೊಡೀರಿ!" ಎಂದ ಚಾಚಾ. ಕಂಬಳಿಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ಬಾವಿಯಲ್ಲಿ ಕೊಡ ಮುಳುಗಿಸಿದಂತೆ ಎತ್ತುತ್ತ ಇಳಿಸುತ್ತ ಒಳಗಿನ ಗಾಳಿಯನ್ನು ಕಲಕತೊಡಗಿದ. ನನಗೆ ಫ್ಯಾನಿನ ನೆನಪಾಯಿತು. ನಾಲ್ವರು ಅದನ್ನು ಓಣಿಯಿಂದ ಎತ್ತಿ ತಂದು ಹಗೇವಿನ ಬಾಯಿಗೆ ಇಟ್ಟೆವು. ಅದರ ಮುಂದೆ ತಾಡಪತ್ರಿಯನ್ನು ಕೊಳವೆಯಂತೆ ಸುತ್ತಿ ಹಿಡಿದು ಗಾಳಿಯನ್ನು ಕೆಳಕ್ಕೆ ಬಿಟ್ಟೆವು. ಸುಳ್ಳು ಧೂಳು ಏಳಿಸಲು ತಂದ ಯಂತ್ರ. ಕ್ಯಾಮೆರಾದವರೂ ಹಿಡಿ ತಿರುವಿದರು, ವೇಷದ ದಾಳಿಕೋರರೂ ತಿರುವಿದರು. ಹಳೆಯ ಹೊಟ್ಟಿನ ಮುಗ್ಗಲು ವಾಸನೆ ಮೇಲೆ ಬಂದು ಕಣ್ಣು ಉರಿಯಿತು. ಮೂರನೆಯ ಕಡ್ಡಿ ಗೀರಿದೆ. ಈ ಸಲ ಕಂದೀಲು ತಳಕ್ಕೆ ಹೋಗಿ ಸಣ್ಣಗಾಯಿತು, ಆದರೆ ಆರಲಿಲ್ಲ.

ನನ್ನ ಹೊಟ್ಟೆ ಆ ಬಾಯಿಯಲ್ಲಿ ಹಿಡಿಸುವಂತಿರಲಿಲ್ಲ. ಚಾಚಾ ನಡುವಿಗೆ ಹಗ್ಗ ಕಟ್ಟಿಕೊಂಡ. ಇಳಿಯಲು ಕಾಲು ಇಟ್ಟವನು ನಿಂತ. ತನ್ನ ಮೈ ನೋಡಿಕೊಂಡ.

"ಕೆಳಗ ದೀಪ ಐತಿ. ಆಕಿ ಕಣ್ಣು ತೆರದ್ರ ಮೊದಲ ಕಾಣೂದು ಈ ಅಂಗಿ" ಎಂದ. ಹಗ್ಗ ಬಿಚ್ಚಿ, ಖಾಕಿ ಕಿತ್ತು ದನದ ಕೊಟ್ಟಿಗೆಯ ಕಡೆ ಎಸೆದು, ನನ್ನ ಮುಂದೆ ಕೈ ಚಾಚಿದ. ನನ್ನ ಬಿಳಿ ಅಂಗಿ ಬಿಚ್ಚಿಕೊಟ್ಟೆ. ಅದನ್ನು ತೊಟ್ಟು, ಮತ್ತೆ ಹಗ್ಗ ಕಟ್ಟಿಕೊಂಡು, ಬಿಸ್ಮಿಲ್ಲಾ ಎಂದು ಇಳಿದ.

ಅವಳನ್ನು ಕಂಬಳಿಯಲ್ಲಿ ಕೂರಿಸಿ ಕಟ್ಟಿ ಮೇಲೆ ಎಳೆದೆವು. ಹಗುರ ಇದ್ದಳು. ತುಟಿ ನೀಲಿಗಟ್ಟಿತ್ತು. ಮುಖಕ್ಕೆ ನೀರು ಹಾಕಿದೆವು, ಫ್ಯಾನು ತಿರುವಿದೆವು, ಅಂಗಾಲು ತಿಕ್ಕಿದೆವು. ನನಗೆ ಅಳು ಬಂದುಬಿಟ್ಟಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆಮೇಲೆ ಅವಳು ಕೆಮ್ಮಿದಳು. ಹೊಟ್ಟಿನ ಧೂಳು ಉಗುಳಿ ಕಣ್ಣು ತೆರೆದಳು. ಎದುರಿಗೆ ಬಿಳಿ ಅಂಗಿಯ ಚಾಚಾ ಇದ್ದ.

"ಹ್ವಾದ್ರೇನಪಾ ಅವರು?" ಎಂದಳು.

"ಹ್ವಾದ್ರವ್ವಾ. ಎಲ್ಲಾರೂ ಹ್ವಾದ್ರು" ಎಂದ ಚಾಚಾ.

ಸುಧಾರಿಸಿಕೊಂಡ ಮೇಲೆ ಅವಳಿಗೆ ನಡೆದದ್ದನ್ನೆಲ್ಲ ತಿಳಿಸಿ ಹೇಳಿದೆ. ಕಟ್ಟೆಯ ಮೇಲೆ ಹೇಳಿದಂತೆ, ಬಿಡಿಸಿ. ಖಾಕಿ ತೊಟ್ಟವರಲ್ಲಿ ಚಾಚಾನೂ ಒಬ್ಬ ಎಂಬುದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. ಅವಳು ಬಯ್ಯಲಿಲ್ಲ.

"ಕುದುರಿ ಸಪ್ಪಳ ಕೇಳಿದ್ನೋ ತಮ್ಮಾ, ಕಾಲು ತಾವ ಹಗೇವಿನ ಕಡೆ ಹ್ವಾದೂ" ಎಂದಳು. "ಆಗೂ ಹಿಂಗ. ಮಂದಿ ಎಲ್ಲಾ ಊರು ಬಿಟ್ಟಿದ್ರು, ನಮಗ ದಾಟಾಕ ಆಗಿರಲಿಲ್ಲ. ನಮ್ಮಪ್ಪ ನಮ್ಮನ್ನ ಹಗೇವಿನ್ಯಾಗ ಇಳಿಸಿದ್ದ. ನಾ, ನಮ್ಮವ್ವ, ನನ್ನ ತಮ್ಮ. ಮೂರು ಮಂದಿ ಇಳಿದಿದ್ವಿ, ಇಬ್ಬರು ಹತ್ತಿದ್ವಿ."

 ಹೊರಗೆ ಒಂದು ಕುದುರೆ ಕಾಲು ಕೆದರಿತು. ಅವಳು ಚಾಚಾನ ತೋಳು ಹಿಡಿದಳು.

"ಇವತ್ತ ಮನ್ಯಾಗ ಯಾಕ ಉಳದೀ ಅವ್ವಾ?" ಎಂದು ಕೇಳಿದೆ.

ಅವಳು ದನಿ ಇಳಿಸಿದಳು. "ವರ್ಷಾ ವರ್ಷಾ ಉಳೀತೀನಿ. ಈ ಬಂಡ್ಯಾಗಿನವರು ಆ ಬಂಡ್ಯಾಗ ಅದಾಳ ಅಂತ ತಿಳೀತಾರ, ಆ ಬಂಡ್ಯಾಗಿನವರು ಈ ಬಂಡ್ಯಾಗ ಅಂತ. ಒಮ್ಮೆ ಆ ಮನಿ ಬಿಟ್ಟು ಬಂದಾಕಿ ನಾ ತಿರುಗಿ ಹೋಗಲೇ ಇಲ್ಲ ನೋಡು. ಗಡಿ ಹೋತು, ಬಸ್ಸು ಬಂತು, ಹೋಗಲಿಲ್ಲ. ಇದನ್ನ ಬಿಟ್ಟು ಹೋಗಾಕ ಕಾಲು ಬರಾಂಗಿಲ್ಲ. ಯಾರಿಗೂ ಹೇಳಬ್ಯಾಡ ತಮ್ಮಾ. ತಿಳೀತಂದ್ರ ಊರಾಗಿನ ಬ್ಯಾನಿ ಎಲ್ಲಾ ನನ್ನ ತಲಿಗೆ ಕಟ್ಟತಾರ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಭಯ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ, ಇನ್ನೊಂದು ಶುರುವಾಯಿತು.

ಹೊತ್ತು ಇಳಿಯುವಾಗ ಅಗಸಿಯಲ್ಲಿ ಹಿರಿಯರು ನಿಂತಿದ್ದರು. ಅವರ ಹಿಂದೆ ಇಡೀ ಊರು, ಬಂಡಿಗಳು, ದನಗಳು. ಬರಿಮೈಯಲ್ಲಿ ನಾನು, ನನ್ನ ಪಕ್ಕದಲ್ಲಿ ಆ ಹೆಂಗಸು. ಅವಳನ್ನು ಕಂಡು ಆ ಮನೆಯ ಯಜಮಾನನ ಬಾಯಿ ತೆರೆದದ್ದು ತೆರೆದಂತೇ ಇತ್ತು. ಸುಟ್ಟ ಎರಡು ಕಡ್ಡಿ, ಮುರಿದ ಒಂದು ಕಡ್ಡಿಯನ್ನು ಹಿರಿಯರ ಅಂಗೈಯಲ್ಲಿಟ್ಟೆ.

"ಮಾತು ತಪ್ಪೀನ್ರಿ. ನಾನ ಹಚ್ಚೀನಿ. ಈ ಅವ್ವ ಹಗೇವಿನ್ಯಾಗ ಬಿದ್ದಿದ್ಲು, ಕಂದೀಲು ಬಿಡಬೇಕಾತು."

"ಆಕಿ ಊರಾಗ ಹ್ಯಾಂಗಿದ್ಲು?"

"ನಾನ ಕರಕೊಂಡು ಹೋಗಿದ್ದೆ. ಹಳೇ ಕಾಲದ ಸಾಮಾನು ಹ್ಯಾಂಗ ಇಡಬೇಕು ಅಂತ ಕೇಳಾಕ."

ಹಿರಿಯರು ನನ್ನನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು, ಬಹಳ ಹೊತ್ತು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.  ಸುಳ್ಳು ಹೇಳುವುದರಲ್ಲಿ ನಾನು ಹೊಸಬನಲ್ಲ, ನನ್ನ ಕೆಲಸವೇ ಅರ್ಧ ಅದು. ಆದರೆ ಅಷ್ಟು ಹೆದರಿ ಎಂದೂ ಹೇಳಿರಲಿಲ್ಲ.

"ಆತು" ಎಂದರು ಕೊನೆಗೆ. "ಜೀವ ಉಳೀತು. ಬರೂ ಶುಕ್ರವಾರ ಮತ್ತ ಹೊರಬೀಡು ಮಾಡೂಣು. ನೀವೂ ಎಲ್ಲಾರೂ ಹೊರಗ. ಈ ತಂಗೀನ್ನ ನೀವ ಕರಕೊಂಡು ಹೋಗ್ರಿ, ನೀವ ಕರಕೊಂಡು ಬರ್ರಿ." ಅವರಿಗೆ ಎಷ್ಟು ತಿಳಿದಿತ್ತೋ ನನಗೆ ತಿಳಿಯಲಿಲ್ಲ.

ಗದಗಿಗೆ ಬಂದು ಟೇಪು ಹಾಕಿ ನೋಡಿದೆವು. ಮೊದಲ ಸಲ ತೆಗೆದದ್ದರಲ್ಲಿ ಕುದುರೆಗಳು ಧೂಳಿನಲ್ಲಿ ಮರೆಯಾಗುವಾಗ ಹಿಂದೆ ನೀಲಿ ಬಾಗಿಲಿನ ಸಂದು ಕಿರಿದಾಗುತ್ತ ಬರುತ್ತದೆ. ಅಂಚಿನ ಮೇಲೆ ಮೂರು ಬೆರಳು. ಆಮೇಲೆ ಬೆರಳೂ ಇಲ್ಲ. ನಿರ್ದೇಶಕರು ಅದನ್ನು ನಾಲ್ಕು ಸಲ ನೋಡಿದರು. "ಹದಿಮೂರು ಕಂತಿನಲ್ಲಿ ನಿಜವಾದದ್ದು ಇದೊಂದೇ ಇದೆ ಕಣ್ರೀ" ಎಂದರು. ನಾನು ಬೇಡ ಎಂದೆ. ಅವರು ವಾದ ಮಾಡಲಿಲ್ಲ. ನನ್ನ ಎದುರಿಗೇ ಅಳಿಸಿದರು. ಖಾಲಿ ಊರಿನ ದೃಶ್ಯದಲ್ಲಿ ಕುದುರೆಗಳು ಬರಲೇ ಇಲ್ಲ, ಬರಿಯ ಓಣಿ ತೋರಿಸಿದರು.

ಮಿಕ್ಕ ದಿನಗಳಲ್ಲಿ ನಾನು ಒಂದು ಒಳ್ಳೆಯ ಕೆಲಸ ಮಾಡಿದೆ, ಅಥವಾ ಹಾಗೆಂದುಕೊಂಡೆ. ಆ ಹಗೇವು ಇನ್ನು ಯಾರನ್ನೂ ತಿನ್ನಬಾರದೆಂದು ಯಜಮಾನನಿಗೆ ಹೇಳಿ, ಶುಕ್ರವಾರ ನಸುಕಿನಲ್ಲಿ ಅವಳು ಚಾಚಾನ ಜಟಕಾ ಏರಿ ಹೊರಟ ಮೇಲೆ, ಊರಿಗೆ ಮುಳ್ಳು ಬಡಿಯುವ ಮೊದಲು, ನಾಲ್ಕು ಬಂಡಿ ಗರಸು ಮಣ್ಣು ಹಾಕಿಸಿ ಗಟ್ಟಿಯಾಗಿ ಮುಚ್ಚಿಸಿದೆ. ಮೇಲೆ ಸಗಣಿ ಸಾರಿಸಿದರು. ಅಲ್ಲಿ ಹಗೇವು ಇತ್ತೆಂದು ಗುರುತೂ ಸಿಗದಂತೆ ಮಾಡಿದೆವು.

ಅವಳು ಇಡೀ ದಿನ ಹೊಲದಲ್ಲಿ ಜಟಕಾದ ಗಾಲಿ ಹಿಡಿದು ಊರ ಕಡೆ ಮುಖ ಮಾಡಿ ಕೂತಿದ್ದಳು. ಹೋಳಿಗೆ ಮುಟ್ಟಲಿಲ್ಲ. ಮೂರು ಸಲ, "ಸಂಜಿಗೆ ತಿರುಗಿ ಹೋಗ್ತೀವಿ, ಹೌದಲ್ಲೋ?" ಎಂದು ಕೇಳಿದಳು. ಮೂರು ಸಲವೂ ಹೌದವ್ವಾ ಎಂದೆವು.

ಸಂಜೆ ಮುಳ್ಳು ತೆಗೆದರು. ಗುಡಿಯಿಂದ ಹೊಸ ಬೆಂಕಿ ಬಂತು. ಅವಳು ನೀಲಿ ಬಾಗಿಲನ್ನು ಕೈಯಿಂದ ಸವರಿ ಒಳಗೆ ಕಾಲಿಟ್ಟಳು. ತಿರುಗಿ ಬಂದಿದ್ದಳು. ಅವಳ ಮುಖದಲ್ಲಿ ಅಂಥ ಗೆಲುವು ನಾನು ಕಂಡಿರಲಿಲ್ಲ. ಆಮೇಲೆ ಅವಳ ಕಣ್ಣು ಪಡಸಾಲೆಯ ಮೂಲೆಗೆ ಹೋಯಿತು. ಹೋಗಿ ಬಗ್ಗಿ ಹಸಿ ಸಗಣಿಯ ನೆಲವನ್ನು ಅಂಗೈಯಿಂದ ಬಡಿದು ನೋಡಿದಳು. ಗಟ್ಟಿ ಸಪ್ಪಳ ಬಂತು. ಅವಳು ನನ್ನ ಕಡೆ ತಿರುಗಿದಳು.

"ಇದನ್ನ ಮುಚ್ಚಿಬಿಟ್ರಲ್ಲೋ ತಮ್ಮಾ. ಇನ್ನ ಅವರು ಬಂದ್ರ ನಾ ಎಲ್ಲಿ ಹೋಗಲಿ?"

ಜಾಗ ಹುಡುಕುವುದೇ ನನ್ನ ಕೆಲಸ. 

ಹೊಸ್ತಿಲಲ್ಲಿ ನಿಂತಿದ್ದ ಚಾಚಾ ಒಳಗೆ ಬಂದು ಅವಳ ಪಕ್ಕದಲ್ಲಿ ಕುಕ್ಕರಿಸಿದ. "ನಮ್ಮ ಮನಿಗೆ ಬಾ ಅವ್ವಾ, ಲಕ್ಷ್ಮೇಶ್ವರಕ್ಕ. ನಾ ಜಟಕಾ ತರ್ತೀನಿ."

ಅವಳು ಅವನ ಮುಖ ನೋಡಿದಳು. ಅದನ್ನು ಸುಮ್ಮನೆ ಸಮಾಧಾನದ ಮಾತೆಂದು ತಿಳಿಯಲಿಲ್ಲ, ಲೆಕ್ಕ ಹಾಕುತ್ತಿದ್ದಳು.

"ಬಾಗಲಾ ಗಟ್ಟಿ ಅದಾವೇನು?" ಎಂದು ಕೇಳಿದಳು.

"ಗಟ್ಟಿ ಅದಾವವ್ವಾ" ಎಂದ ಚಾಚಾ. "ಒಳಗ ಎರಡು ಅಗಳಿ ಅದಾವ."